ಕಡಲಿಗೆ ಬಿದ್ದರೆ ಔಟ್

ಕಳೆದ ಮೇ ತಿಂಗಳ ಕೊನೆಯ ಭಾನುವಾರ, ಸಂಜೆ ಐದರ ಸುಮಾರಿಗೆ, ಎರ್ಮಾಳಿನ ಕ್ರಿಕೆಟ್ ಮೈದಾನದ ಪಶ್ಚಿಮದ ಬೌಂಡರಿ ಗೆರೆ ಕಡಲಿಗೆ ಬಿತ್ತು. ಬೌಲರ್ ಅರ್ಧ ಓಟದಲ್ಲೇ ನಿಂತ. ರಸ್ತೆಯ ಪಡು ಬದಿ, ಅಂದರೆ ಪಶ್ಚಿಮ ಬದಿಯ ತಂಡದ ನಾಯಕ ಸುಧಾಕರಣ್ಣ ಸುಣ್ಣದ ಡಬ್ಬಿ ತಂದು, ನಾಲ್ಕು ಹೆಜ್ಜೆ ಒಳಗೆ ಹೊಸ ಗೆರೆ ಎಳೆದರು. ಓವರಿನಲ್ಲಿ ಉಳಿದಿದ್ದ ಮೂರು ಎಸೆತ ಮುಗಿದವು. ಅಂಪೈರ್ ನಾನು.

ಶಹಾಪುರದಿಂದ ಕಾಪುವಿನ ಬ್ಯಾಂಕಿಗೆ ವರ್ಗವಾಗಿ ಬಂದು ಆಗ ಒಂದು ವರ್ಷವಾಗಿತ್ತು. ನಮ್ಮೂರ ಮೈದಾನದಲ್ಲಿ ಬೇಸಿಗೆ ಬಂದರೆ ಕರಿನೆಲ ಬಿರುಕು ಬಿಟ್ಟು ಚೆಂಡನ್ನು ನುಂಗುತ್ತಿತ್ತು. ಕೈ ಹಾಕಿ ತೆಗೆಯುತ್ತಿದ್ದೆವು. ಮೈದಾನ ಮಾತ್ರ ಇದ್ದಲ್ಲೇ ಇರುತ್ತಿತ್ತು. ಇಲ್ಲಿ ದೊಡ್ಡ ಅಲೆ ಹೊಡೆದರೆ ಸ್ಕ್ವೇರ್ ಲೆಗ್‌ನಲ್ಲಿ ನಿಂತವನ ಅಂಗಾಲಿಗೆ ತಿಳಿಯುತ್ತದೆ. ಮೊದಲ ತಿಂಗಳು ನಾನು ಬ್ಯಾಟ್ ಹಿಡಿದಾಗ ಒಂದು ಚೆಂಡು ನೇರ ನೀರಿಗೆ ಹೋಯಿತು. ಸಿಕ್ಸರ್ ಎಂದು ಕೈ ಎತ್ತಿದೆ.

"ಔಟ್ ಮಾರಾಯ್ರೆ! ಕಡಲಿಗೆ ಬಿದ್ರೆ ಔಟ್," ಎಂದು ನಕ್ಕರು ಮೂಡು, ಅಂದರೆ ಪೂರ್ವ ಬದಿಯ ತಂಡದ ನಾಯಕ ವಿಲ್ಫ್ರೆಡ್. ದುಬೈಯಲ್ಲಿ ದುಡಿದು ಮರಳಿದವರು. "ನಿಮ್ಮ ಊರಲ್ಲಿ ಎಂತ, ಕಡಲು ಉಂಟಾ?"

"ಇಲ್ರೀ."

"ಹಾಗಾದ್ರೆ ಅಂಪೈರ್ ಆಗಿ. ಮೂಡೂ ಅಲ್ಲ, ಪಡುವೂ ಅಲ್ಲ. ನಿಮ್ಮಷ್ಟು ನ್ಯಾಯದವರು ನಮಗೆ ಸಿಕ್ಕುದಿಲ್ಲ."

ಅಂದಿನಿಂದ ನನ್ನ ಹೆಸರು 'ಅಂಪೈರ್ರೀ' ಎಂದಾಯಿತು. ನನ್ನ 'ರೀ'ಯನ್ನು ಅವರು ಹಾಗೆ ಅಂಟಿಸಿಕೊಂಡರು. ಕುಚ್ಚಲಕ್ಕಿ ಅನ್ನ ನನ್ನ ಹೊಟ್ಟೆಗೆ ಒಗ್ಗಲು ಮಳೆಗಾಲವಿಡೀ ಬೇಕಾಯಿತು. ಜೋಳದ ಹಿಟ್ಟು ಊರಿನಿಂದ ಬರುತ್ತಿತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರ ತುಳು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಭಾನುವಾರ ಮಾತ್ರ ನಾನು ಬೆರಳೆತ್ತಿದರೆ ಇಪ್ಪತ್ತೆರಡು ಜನ ಕೇಳುತ್ತಿದ್ದರು.

ಮೈದಾನದ ದಕ್ಷಿಣಕ್ಕೆ ತಾಗಿ ಲೀಲಕ್ಕನ ಹಿತ್ತಲು. ಅಲ್ಲಿ ಏಳು ತೆಂಗು, ಒಂದು ಸಿಹಿನೀರಿನ ಬಾವಿ, ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ನಾನು. ಗೆರೆ ಬಿದ್ದ ಮರುದಿನ ಆಕೆಯ ಮನೆಯ ಮುಂದಿನ ಮರಳೂ ಕುಸಿಯಿತು. ತಡೆಗೋಡೆಗೆ ಕಲ್ಲು ತುಂಬಿದ ಲಾರಿಗಳು ಬುಧವಾರ ಬಂದು ರಸ್ತೆಯಲ್ಲಿ ಸಾಲುಗಟ್ಟಿದವು. ದಡಕ್ಕೆ ಇಳಿಯಲು ಎರಡೇ ದಾರಿ. ಹಿತ್ತಲಿನ ಮೂಲಕವಾದರೆ ಬಾವಿಕಟ್ಟೆ ಒಡೆಯಬೇಕು. ಮೈದಾನದ ಮೂಲಕವಾದರೆ ಲಾರಿಯ ಭಾರ ತಡೆಯುವ ಗಟ್ಟಿ ನೆಲ ಪಿಚ್ ಒಂದೇ; ಅದು ಹೋಗುತ್ತದೆ.

ಅದು ಎರಡು ತಲೆಮಾರು ಕೆಂಪುಮಣ್ಣು ಹೊತ್ತು ತಂದು, ರೋಲರ್ ಎಳೆದು ಗಟ್ಟಿ ಮಾಡಿದ ಪಿಚ್. ಎರಡೂ ತಂಡದವರು ಅದರ ಸುತ್ತ ನಿಂತಿದ್ದರು. ಮಾತು ಮುಗಿಯಲಿಲ್ಲ.

"ಅಂಪೈರ್ರೀ, ನೀವೇ ಹೇಳಿ," ಎಂದರು ಸುಧಾಕರಣ್ಣ.

"ನಾ ಆ ಮನ್ಯಾಗೇ ಇರ್ತೀನ್ರಿ. ನನ್ನ ಕೇಳಬ್ಯಾಡ್ರಿ."

"ಅಂಪೈರ್ ಹಾಗೆ ಹೇಳ್ಲಿಕ್ಕಿಲ್ಲ," ಎಂದರು ವಿಲ್ಫ್ರೆಡ್. ಈ ಸಲ ನಗಲಿಲ್ಲ.

ಲೀಲಕ್ಕ ಬೇಲಿಯಾಚೆ ಕೊಡಪಾನ ಹಿಡಿದು ನಿಂತಿದ್ದರು. ಆ ಬೆಳಿಗ್ಗೆ ನಾನು ಕುಡಿದದ್ದು ಅದೇ ಬಾವಿಯ ನೀರು.

"ಮೈದಾನದ ಮ್ಯಾಲೆ ಹೋಗ್ಲಿ," ಎಂದೆ.

ಸುಧಾಕರಣ್ಣ ಬಾಗಿ ಸ್ಟಂಪುಗಳನ್ನು ಒಂದೊಂದಾಗಿ ಕಿತ್ತರು. ಮೂರು ದಿನ ಲಾರಿಗಳು ಓಡಾಡಿದವು. ಪಿಚ್‌ನ ಮೇಲೆ ಮೊಣಕಾಲಾಳದ ಎರಡು ಚಡಿಗಳು ಬಿದ್ದವು. ಕಲ್ಲಿನ ಸಾಲು ಲೀಲಕ್ಕನ ಮನೆಯ ಮುಂದೆ ಮುಗಿದು, ಮೈದಾನದ ಅರ್ಧಕ್ಕೆ ಬರುವಾಗ ಮಳೆ ಹಿಡಿಯಿತು. ಲಾರಿಗಳು ನಿಂತವು.

ಜೂನ್ ಮೂರನೆಯ ವಾರ ಅಲೆಗಳು ಕಲ್ಲಿಲ್ಲದ ಕಡೆಯಿಂದ ಮೈದಾನಕ್ಕೆ ನುಗ್ಗಿದವು. ನೀರು ಲಾರಿಯ ಚಡಿಗಳನ್ನೇ ಹಿಡಿದು ಒಳಗೆ ಬಂದು, ಬೇಲಿ ದಾಟಿ ಹಿತ್ತಲಿನಲ್ಲಿ ನಿಂತಿತು. ಮನೆಗೆ ಏನೂ ಆಗಲಿಲ್ಲ. ಎರಡು ದಿನ ಕಳೆದು ಲೀಲಕ್ಕ ನನಗೆ ಬಾವಿಯ ಒಂದು ಲೋಟ ನೀರು ಕೊಟ್ಟರು. ಉಪ್ಪಾಗಿತ್ತು.

"ನಾನು ಹೇಳಿದ್ದು ತಪ್ಪಾಯ್ತೇನ್ರಿ ಅಕ್ಕಾ?"

"ಲಾರಿ ಇಲ್ಲಿಂದ ಹೋಗಿದ್ರೆ ಬಾವಿ ಅವತ್ತೇ ಹೋಗ್ತಿತ್ತು. ಈಗ ಮೈದಾನವೂ ಹೋಯ್ತು, ಬಾವಿಯೂ ಹೋಯ್ತು," ಎಂದರು. "ಮನೆ ಉಂಟಲ್ಲ. ಎಂತ ಮಾಡುದು?" ಲೋಟ ತೊಳೆಯಲು ನಲ್ಲಿ ನೀರಿಗಾಗಿ ರಸ್ತೆಯ ಕಡೆ ಹೋದರು.

ಮಳೆಗಾಲವಿಡೀ ಯಾರೂ ನನ್ನನ್ನು ಅಂಪೈರ್ರೀ ಎಂದು ಕರೆಯಲಿಲ್ಲ. ಎದುರಾದರೆ "ಊಟ ಆಯ್ತಾ?" ಎನ್ನುತ್ತಿದ್ದರು, ಅಷ್ಟೆ. ಸೆಪ್ಟೆಂಬರಿನಲ್ಲಿ ನಾನು ಶಹಾಪುರಕ್ಕೆ ವರ್ಗಾವಣೆ ಕೇಳಿ ಅರ್ಜಿ ಹಾಕಿದೆ. ಉತ್ತರ ಬಂದಿಲ್ಲ.

ಕೊಯ್ಲು ಮುಗಿದ ಮೇಲೆ ಆಟ ಹೆದ್ದಾರಿಯ ಮೂಡು ಬದಿಯ ಗದ್ದೆಯಲ್ಲಿ ಮತ್ತೆ ಶುರುವಾಯಿತು. ಅಂಪೈರ್ ಆಗಿ ಪೆರ್ಡೂರಿನ ಒಬ್ಬರನ್ನು ಕರೆಸಿದ್ದಾರೆ. ಇಲ್ಲಿ ಅವರಿಗೆ ಮನೆಯಿಲ್ಲ, ನೆಂಟರಿಲ್ಲ. ಕಳೆದ ಭಾನುವಾರ ಸುಧಾಕರಣ್ಣ ಪಡು ಬದಿಯ ತಂಡದ ಪಟ್ಟಿಯಲ್ಲಿ ಹನ್ನೊಂದನೆಯ ಹೆಸರಾಗಿ ನನ್ನದನ್ನು ಬರೆದರು.