ಖಡಕ್ ರೊಟ್ಟಿ ಮುರಿಯುವ ಸಪ್ಪಳ

ಖಡಕ್ ರೊಟ್ಟಿಯನ್ನು ಹೇಗೆ ತಿನ್ನಬೇಕು ಎಂಬ ವಿಷಯದಲ್ಲಿ ನಮ್ಮ ಮನೆಯ ಮೂವರ ಅಭಿಪ್ರಾಯವೂ ಬೇರೆ ಬೇರೆಯಾಗಿತ್ತು. ಅಪ್ಪನಿಗೆ ಅದು ಒಣಗಿಯೇ ಇರಬೇಕು. ಮೇಲೆ ಶೇಂಗಾ ಚಟ್ನಿ ಹರಡಿ, ಅದರ ಮೇಲೆ ಕುಸುಬಿ ಎಣ್ಣೆ ಬಿಟ್ಟುಕೊಂಡು, ಗುದ್ದಿದ ಹಸಿ ಉಳ್ಳಾಗಡ್ಡಿಯ ಜೊತೆ ಮುರಿದು ತಿನ್ನುತ್ತಿದ್ದರು. ಅವ್ವ ಗುರೆಳ್ಳು ಚಟ್ನಿಯನ್ನು ಮೊಸರಿನಲ್ಲಿ ಕಲಸಿ, ರೊಟ್ಟಿಯ ಅಂಚು ಮೆತ್ತಗಾಗುವಷ್ಟು ಹೊತ್ತು ಮಾತ್ರ ಅದ್ದುತ್ತಿದ್ದಳು. ನಾನು ಬಿಸಿ ಬೇಳೆಯಲ್ಲಿ ಪೂರ್ತಿ ಪುಡಿಮಾಡಿಕೊಳ್ಳುತ್ತಿದ್ದೆ.

“ಹಂಗ ಕಲಸೂದಾದ್ರ ಅನ್ನಾನ ಉಣ್ಣವಾ. ಆ ರೊಟ್ಟಿ ನಿನಗೇನು ಮಾಡೈತಿ?” ಎಂದು ಅಪ್ಪ ಛೇಡಿಸುತ್ತಿದ್ದರು.

ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ವಿಜಾಪುರದ ಕಡೆಯಿಂದ ನಾಗಪುರಕ್ಕೆ ವರ್ಗವಾಗಿ ಬಂದವರು. ಐವತ್ತರ ದಶಕದ ಆ ವರ್ಷಗಳಲ್ಲಿ, ನಾನಿನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದಾಗ, ನಾವು ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಗೂಡ್ಸ್ ಗಾಡಿಗೆ ಹೊರಡುವ ವೇಳೆಯಿತ್ತು, ತಿರುಗಿ ಬರುವ ವೇಳೆಯಿರಲಿಲ್ಲ. ಮೇಲ್ ಗಾಡಿಗೆ ದಾರಿ ಬಿಡಲು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲಿಸಿದರೆ ಅರ್ಧ ದಿನ ಅಲ್ಲೇ. ನಾಗಪುರದ ಸೆಕೆಯಲ್ಲಿ ಬೇರೆ ಯಾವ ಊಟವೂ ಅಷ್ಟು ಹೊತ್ತು ತಾಳುತ್ತಿರಲಿಲ್ಲ. ಅದಕ್ಕೇ ಅವ್ವ ಖಡಕ್ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಅಪ್ಪ ಬಾವುಟ, ಕಂದೀಲುಗಳಿದ್ದ ತಮ್ಮ ಪೆಟ್ಟಿಗೆಯಲ್ಲಿ ಆ ಬುತ್ತಿಯನ್ನು ಇಟ್ಟುಕೊಂಡು ಹೋಗುತ್ತಿದ್ದರು.

ಇತವಾರಿ ಪೇಟೆಯಿಂದ ತರುವ ಜೋಳಕ್ಕೆ ನಮ್ಮ ಕಡೆಯ ಜೋಳದ ಜಿಗಿ ಇಲ್ಲ ಎಂದು ಅವ್ವ ಯಾವಾಗಲೂ ಹೇಳುತ್ತಿದ್ದಳು. ಕುದಿಯುವ ನೀರು ಹಾಕಿ, ಬಹಳ ಹೊತ್ತು ನಾದಿ, ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಸುಟ್ಟಾದ ಮೇಲೆ ಒಂದೊಂದನ್ನೂ ಇದ್ದಿಲು ಒಲೆಯ ಸಿಗಡಿಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಒಣಗಿದ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. ಸಪ್ಪಳ ಸರಿಯಾಗಿ ಬಂದರೆ ಬುಟ್ಟಿಗೆ, ಇಲ್ಲವಾದರೆ ಮತ್ತೆ ಸಿಗಡಿಯ ಪಕ್ಕಕ್ಕೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಅವ್ವ ಅಪ್ಪನಿಗಿಂತ ಮೊದಲು ಎಂದೂ ಉಂಡವಳಲ್ಲ. ಅವಳ ತವರಿನಲ್ಲಿ ಎಲ್ಲ ಹೆಂಗಸರೂ ಹಾಗೆಯೇ ಇದ್ದರು. ಅಪ್ಪ ಡ್ಯೂಟಿಯ ಮೇಲಿದ್ದಾಗ ಹಿತ್ತಲ ಗೋಡೆಯ ಮೇಲಿನ ಬಿಸಿಲು ನೋಡಿ, “ಈಗ ಅವರದು ಬುತ್ತಿ ಬಿಚ್ಚೂ ಹೊತ್ತು” ಎನ್ನುತ್ತಿದ್ದಳು. ಮತ್ತೂ ಸ್ವಲ್ಪ ಹೊತ್ತು ಬಿಟ್ಟು ತನ್ನ ತಟ್ಟೆ ಇಟ್ಟುಕೊಳ್ಳುತ್ತಿದ್ದಳು. ಅವರು ಉಂಡಿರುತ್ತಾರೆ ಎಂಬ ನಂಬಿಕೆಯ ಮೇಲೆ ಅವಳ ಊಟ ನಡೆಯುತ್ತಿತ್ತು.

ಒಂದು ಚಳಿಗಾಲದಲ್ಲಿ ಅಪ್ಪ ಊಟಕ್ಕೆ ಕುಳಿತಾಗ ಕೆಮ್ಮತೊಡಗಿದರು. ಹಲ್ಲು ನೋಯುತ್ತಿದೆ ಎಂದು ಹೇಳಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಳ್ಳತೊಡಗಿದರು. ಮನೆಯಲ್ಲಿ ತಿನ್ನುವುದು ಕಡಿಮೆಯಾಯಿತು. ಆದರೆ ಬುತ್ತಿಯ ಬಟ್ಟೆ ಪ್ರತಿ ಸಲವೂ ಖಾಲಿಯಾಗಿಯೇ ಬರುತ್ತಿತ್ತು. ಅವ್ವ ಅದನ್ನು ಝಾಡಿಸಿ ಒಗೆಯಲು ಹಾಕುತ್ತ, “ಲೈನ್ ಮ್ಯಾಲ ಬರೋಬರ್ ಉಣ್ತಾರ. ಮನ್ಯಾಗಷ್ಟ ಹಟ” ಎಂದು ನನಗೆ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪ ಪೇಟೆಗೆ ಹೋಗಿದ್ದಾಗ ಅವರ ಗಾಡಿಯ ಡ್ರೈವರ್ ಮನೆಗೆ ಬಂದ. ಅವನು ನಾಗಪುರದ ಕಡೆಯವನೇ, ಮರಾಠಿಯವನು. ಕೈಯಲ್ಲಿ ಚೀಲದ ತುಂಬ ಕಿತ್ತಳೆ. ಹೊಸ್ತಿಲಲ್ಲೇ ನಿಂತು, “ವಹಿನಿ, ತುಮಚಿ ಭಾಕರ್ ಏಕದಮ್ ಫಸ್ಟ್ ಕ್ಲಾಸ್” ಎಂದು ಅತ್ತಿಗೆಯ ರೊಟ್ಟಿಯನ್ನು ಹೊಗಳಿದ. ಒಳಗೆ ಬಂದು ಕುಳಿತು, ತನ್ನ ಮರಾಠಿಯಲ್ಲಿ, ಅದನ್ನು ತಾನು ಚಹಾದಲ್ಲಿ ಅದ್ದಿ ಬೆಲ್ಲದ ಜೊತೆ ತಿನ್ನುತ್ತೇನೆ ಎಂದು ಹೇಳಿದ.

ಅವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. “ಚಾದಾಗ? ರೊಟ್ಟಿನ?”

ಅವನೂ ನಕ್ಕ. ಗಾಡಿ ನಿಂತಲ್ಲೆಲ್ಲ ಗಾರ್ಡ್ ಸಾಹೇಬರು ಎಂಜಿನ್ನಿನವರೆಗೆ ನಡೆದು ಬಂದು ಇಡೀ ಬುತ್ತಿಯನ್ನು ತಮಗೇ ಕೊಟ್ಟುಬಿಡುತ್ತಾರೆ ಎಂದ. ಅವರದು ಬರೀ ಚಹಾ. ಕೇಳಿದರೆ ಉಪವಾಸ ಎನ್ನುತ್ತಾರೆ. “ಇಷ್ಟು ಉಪವಾಸ ನಮ್ಮ ಮುದುಕಿ ಕೂಡ ಹಿಡಿಯೋದಿಲ್ಲ, ವಹಿನಿ.”

ಅವ್ವನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿದಿತ್ತು. ಅವಳು ಎದ್ದು ಚಹಾ ಮಾಡಿ ಕೊಟ್ಟಳು. ಅವನು ಹೊರಟಾಗ ಬಾಗಿಲವರೆಗೆ ಹೋಗಿ ಕಳಿಸಿದಳು. ಕಿತ್ತಳೆಯ ಚೀಲ ಗೋಡೆಗೆ ಒರಗಿಕೊಂಡು ಅಲ್ಲೇ ಇತ್ತು.

ಅಪ್ಪ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಅವ್ವ ಕೇಳಿದಳು. “ಬುತ್ತಿ ಯಾರು ತಿಂತಾರ್ರಿ?”

“ಯಾರು ಅಂದ್ರ? ನಾನ.”

“ಡ್ರೈವರ್ ಬಂದಿದ್ದ.”

ಅಪ್ಪ ಕಿತ್ತಳೆಯ ಚೀಲವನ್ನು ನೋಡಿದರು. “ನಾ ಉಣ್ಣಲಿಲ್ಲಂತ ಹೇಳಿದ್ರ ನೀ ಉಣ್ತಿದ್ದೇನು?” ಎಂದರು.

ಗಂಟಲಿನಲ್ಲಿ ಗಡ್ಡೆಯಾಗಿದೆ ಎಂದು ಆಮೇಲೆ ತಿಳಿಯಿತು. ಅಪ್ಪ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು. ಬಂದ ಮೇಲೆ ಆ ಊರಿನ ಮಾತನ್ನು ಯಾರೂ ಎತ್ತಲಿಲ್ಲ.

ಅವ್ವ ಮಾತ್ರ ರೊಟ್ಟಿಯನ್ನು ಬಿಡಲಿಲ್ಲ. ಒರಳಿನಲ್ಲಿ ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಹಾಲಿನಲ್ಲಿ ಕದಡಿ ಕೊಟ್ಟಳು. ಮಜ್ಜಿಗೆಯಲ್ಲಿ ಅಂಬಲಿಯ ಹಾಗೆ ಕುದಿಸಿ ಕೊಟ್ಟಳು. ಬೇಳೆಯ ತಿಳಿಯಲ್ಲಿ ನೆನೆಸಿ ಹಿಸುಕಿ ಕೊಟ್ಟಳು. ಎಲ್ಲವೂ ಗಂಟಲಲ್ಲಿ ನಿಂತಾದ ಮೇಲೆ ಒಂದು ಬೆಳಿಗ್ಗೆ ಬೇರೆಲ್ಲೋ ನೋಡುತ್ತ, ಚಹಾದಲ್ಲಿ ಬೆಲ್ಲ ಹಾಕಿ ರೊಟ್ಟಿಯ ಚೂರುಗಳನ್ನು ಕರಗುವಷ್ಟು ಅದ್ದಿ, ಚಮಚದಲ್ಲಿ ಹಿಡಿದಳು. ಅದು ಒಳಗೆ ಇಳಿಯಿತು.

“ಆ ಮಗಾ ಖರೇನ ಹೇಳ್ಯಾನ,” ಎಂದರು ಅಪ್ಪ. “ಚಲೋ ಐತಿ.”

ಮಳೆಗಾಲ ಶುರುವಾಗುವವರೆಗೆ ಅದು ನಡೆಯಿತು. ಆಮೇಲೆ ಬರೀ ಚಹಾ, ಆಮೇಲೆ ನೀರು. ಅಪ್ಪ ಒಂದೊಂದನ್ನು ಬಿಟ್ಟ ಹಾಗೆ ಅವ್ವನೂ ಬಿಡುತ್ತ ಬಂದಳು. ಅಡುಗೆ ಮಾಡಿ ನನಗೆ ಬಡಿಸಿ, ತನಗೆ ಹಸಿವಿಲ್ಲ ಎನ್ನುತ್ತಿದ್ದಳು. ಕೈ ಎತ್ತಿದರೆ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅಪ್ಪ ಮಂಚದ ಮೇಲಿಂದ ಆ ಬಳೆಗಳನ್ನೇ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆಗ ಅವರ ದನಿ ಬಹಳ ಸಣ್ಣಗಾಗಿತ್ತು. ಒಂದು ದಿನ ಅವ್ವನನ್ನು ಕರೆದು, “ಇಲ್ಲೆ ನನ್ನ ಹತ್ರ ಕೂತು ಉಣ್ಣು” ಎಂದರು.

“ನಿಮಗಿಂತ ಮೊದಲ? ಹೆಂಗಾಕ್ಕೈತ್ರಿ ಅದು?”

“ನನ್ನ ಊಟ ಮುಗದೈತಿ ಅಂತ ತಿಳಕೊ. ಖಡಕ್ ರೊಟ್ಟಿನ ತಗೊ. ಮೆತ್ತಂದು ತಿಂದ್ರ ನೀ ತಿಂದಿ, ಬಿಟ್ಟಿ, ನನಗ ಗೊತ್ತಾಗಂಗಿಲ್ಲ. ಸಪ್ಪಳ ಕೇಳಬೇಕು.”

ಅವ್ವ ಒಪ್ಪಲಿಲ್ಲ. ಅಪ್ಪ ನೀರಿನ ಲೋಟವನ್ನು ದೂರ ಸರಿಸಿ ಮುಖ ತಿರುಗಿಸಿಕೊಂಡರು. ಸಂಜೆಯ ಹೊತ್ತಿಗೆ ಅವ್ವ ತಟ್ಟೆ ತಂದಳು. ಅವರ ಎದುರು ಉಣ್ಣಲು ನಾಚಿಕೆಯಾಗಿ ಗೋಡೆಗೆ ಮುಖ ಮಾಡಿ ಕುಳಿತಳು. ಒಂದು ತುಣುಕು ಮುರಿದಳು. ಆ ಸಪ್ಪಳ ಕೇಳಿ ಅಪ್ಪ ಕಣ್ಣು ಮುಚ್ಚಿಕೊಂಡೇ ತೋರುಬೆರಳನ್ನು ಎತ್ತಿದರು. ಗಾಡಿಯ ಕೊನೆಯ ಬ್ರೇಕ್ ವ್ಯಾನಿನಲ್ಲಿ ನಿಂತು ಹಸಿರು ಬಾವುಟ ಎತ್ತಿದಂತೆ. ಮುಂದೆ ನಡೆಯಲಿ ಎಂದು ಅದರ ಅರ್ಥ.

ಅವ್ವನಿಗೆ ಅದು ಕಾಣುತ್ತಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ನನಗೆ ಇಬ್ಬರೂ ಕಾಣುತ್ತಿದ್ದರು. “ಬೆರಳ ಎತ್ಯಾರೇನ?” ಎಂದು ಅವ್ವ ಕೇಳುತ್ತಿದ್ದಳು. “ಎತ್ಯಾರ” ಎಂದು ನಾನು ಹೇಳಿದ ಮೇಲೆ ಮುಂದಿನ ತುಣುಕು ಮುರಿಯುತ್ತಿದ್ದಳು. ಅಂದಿನಿಂದ ದಿನವೂ ಹೀಗೆಯೇ ನಡೆಯಿತು. ಅವ್ವನ ಮುಖಕ್ಕೆ ಸ್ವಲ್ಪ ಕಳೆ ಬಂತು. ಒಂದು ಸಲ ಚಟ್ನಿಯನ್ನೂ ಬಡಿಸಿಕೊಂಡಳು.

ಕೊನೆಯ ದಿನ ಬೆಳಿಗ್ಗೆ ಮಳೆ ನಿಂತಿತ್ತು. ಅವ್ವ ಗೋಡೆಯ ಕಡೆ ಮುಖ ಮಾಡಿ ಕುಳಿತು ರೊಟ್ಟಿ ಮುರಿದಳು. ಅಪ್ಪ ಬೆರಳು ಎತ್ತಿದರು. ಅವಳು ಮತ್ತೆ ಮುರಿದಳು. ಬೆರಳು ಸ್ವಲ್ಪ ಎದ್ದು ಹಾಸಿಗೆಯ ಮೇಲೆ ಇಳಿಯಿತು. ಮೂರನೆಯ ಸಪ್ಪಳಕ್ಕೆ ಅದು ಏಳಲಿಲ್ಲ. ನಾನು ಅವರ ಎದೆಯ ಮೇಲಿನ ಹೊದಿಕೆಯನ್ನು ನೋಡಿದೆ. ಬಹಳ ಹೊತ್ತು ನೋಡಿದರೂ ಅದು ಅಲುಗಲಿಲ್ಲ.

“ಎತ್ಯಾರೇನ?” ಎಂದು ಅವ್ವ ಕೇಳಿದಳು.

ತಟ್ಟೆಯಲ್ಲಿ ಇನ್ನೂ ಅರ್ಧ ರೊಟ್ಟಿಯಿತ್ತು. ಈಗ ಕರೆದರೆ ಒಲೆ ಆರುತ್ತದೆ, ಆಮೇಲೆ ಇವಳು ಎಷ್ಟು ದಿನ ಬಾಯಿಗೆ ಏನೂ ಹಾಕಿಕೊಳ್ಳುವುದಿಲ್ಲವೋ ತಿಳಿಯದು ಎಂಬುದು ನನಗೆ ಗೊತ್ತಿತ್ತು. ಆ ವಯಸ್ಸಿಗೆ ಅಷ್ಟು ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು.

“ಎತ್ಯಾರ” ಎಂದೆ.

ಅವಳು ಮುರಿದಳು. ಮತ್ತೆ ಕೇಳಿದಳು, ನಾನು ಮತ್ತೆ ಅದನ್ನೇ ಹೇಳಿದೆ. ತಟ್ಟೆಯ ಪುಡಿಯನ್ನೂ ಬೆರಳಿಗೆ ಒತ್ತಿಕೊಂಡು ತಿಂದು, ನೀರು ಕುಡಿದು, ಅವಳು ತಟ್ಟೆ ಸರಿಸಿದ ಮೇಲೆ ನಾನು ಅವಳನ್ನು ಕರೆದೆ.