ಗೋಡೆಗೆ ಮುಖ ಮಾಡಿದ ದೋಣಿ

ಸಂಜೆ ದೀಪ ಹಚ್ಚುವ ಹೊತ್ತಿಗೆ ದೋಣಿಯ ಮೂತಿಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸದ ಹೊರತು ಸುಬ್ಬೇಗೌಡರಿಗೆ ಊಟ ಸೇರುತ್ತಿರಲಿಲ್ಲ. ದೋಣಿ ಎಂದರೆ ನೀರಿನಲ್ಲಿದ್ದ ದೋಣಿಯಲ್ಲ. ಎರಡು ಚಕ್ರದ ಟ್ರೈಲರ್ ಮೇಲೆ ನೀಲಿ ಟಾರ್ಪಾಲು ಹೊದ್ದುಕೊಂಡು, ಬಾಳೂರಿನ ಅವರ ಮನೆಗೂ ಗೇಟಿಗೂ ನಡುವಿನ ಸಿಮೆಂಟು ದಾರಿಯಲ್ಲಿ ಕೂತಿದ್ದ ದೋಣಿ. ಟ್ರೈಲರಿನ ಮುಂದೆ ಜೀಪಿಗೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆಯಿತ್ತು. ಅದು ಗೇಟಿನ ಕಡೆ ಇದ್ದರೆ ಯಾರಾದರೂ ಜೀಪು ತಂದು ಸಿಕ್ಕಿಸಿಕೊಂಡು ಸದ್ದಿಲ್ಲದೆ ಹೋಗಿಬಿಡುತ್ತಾರೆ ಎನ್ನುವುದು ಗೌಡರ ಗುಮಾನಿ. ಗೋಡೆಯ ಕಡೆ ಇದ್ದರೆ ಕಳ್ಳ ಮೊದಲು ಅದನ್ನು ತಿರುಗಿಸಿಕೊಳ್ಳಬೇಕು.

"ತಿರುಗಿಸೋ ಹೊತ್ತಿಗೆ ಕಳ್ಳಂಗೆ ಏದುಸಿರು ಬರ್ತದೆ ಟೀಚ್ರೇ. ಆ ಉಸಿರು ನಂಗೆ ಒಳಗೆ ಕೇಳ್ತದೆ," ಎನ್ನುತ್ತಿದ್ದರು.

ಕಳ್ಳನ ಮಾತು ಹಾಗಿರಲಿ, ಏದುಸಿರು ಬರುತ್ತಿದ್ದದ್ದು ನನಗೆ. ಬಾಳೂರಿನ ಶಾಲೆಗೆ ವರ್ಗವಾಗಿ ಬಂದ ನಾನು ಅವರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆ. ಮೂತಿ ಗೋಡೆಗಿದ್ದರೆ ದೋಣಿಯ ಹಿಂಭಾಗ ದಾರಿಗೆ ಅಡ್ಡ ಬರುತ್ತಿತ್ತು. ಬೆಳಿಗ್ಗೆ ಅದನ್ನು ಮತ್ತೆ ಉದ್ದಕ್ಕೆ ನಿಲ್ಲಿಸದಿದ್ದರೆ ಅವರ ಜೀಪೂ ಹೊರಡುವಂತಿರಲಿಲ್ಲ, ನನ್ನ ಸ್ಕೂಟಿಯೂ ಹೊರಡುವಂತಿರಲಿಲ್ಲ. ಹಾಗಾಗಿ ಬೇಕೋ ಬೇಡವೋ ನಾನೂ ಆ ಕೆಲಸಕ್ಕೆ ಸೇರಿಕೊಂಡೆ.

ಜೀಪಿನಿಂದಲೇ ತಿರುಗಿಸಬಹುದಲ್ಲ ಎಂದು ಮೊದಲ ವಾರ ಕೇಳಿದ್ದೆ. ಗೌಡರಿಗೆ ಜೀಪು ಓಡಿಸಲು ಬರುತ್ತಿರಲಿಲ್ಲ, ಡ್ರೈವರ್ ಸುಂದರ ಬರಬೇಕಿತ್ತು. "ಸಿಕ್ಕಿಸೋದು ಹೆಂಗೆ ಅಂತ ಅವ್ನಿಗೆ ಒಂದ್ಸಲ ಗೊತ್ತಾದ್ರೆ ಆಯ್ತಲ್ಲ, ಆಮೇಲೆ ಅವ್ನ ಕೈಗೆ ದೋಣಿ ಕೊಟ್ಟಂಗೇ," ಎಂದರು. ಸುಂದರ ಅವರ ಮನೆಯಲ್ಲಿ ಉಂಡು ಬೆಳೆದವನು. ಅವರ ಮನೆಯ ಕಾಫಿ ಮೂಟೆಗಳೆಲ್ಲ ಅವನ ಕೈಯಲ್ಲೇ, ಅದೇ ಜೀಪಿನಲ್ಲಿ ಹೋಗುತ್ತಿದ್ದವು. ಆದರೂ ದೋಣಿಯ ವಿಷಯದಲ್ಲಿ ಅವನು ಪರಕೀಯ.

ಕೈಯಲ್ಲಿ ತಿರುಗಿಸುವುದಕ್ಕೂ ಒಂದು ಕ್ರಮವಿತ್ತು. ಗೌಡರು ಕೊಕ್ಕೆಯ ಹಿಡಿ ಎತ್ತಿ ಸೊಂಟದ ಮಟ್ಟಕ್ಕೆ ಹಿಡಿಯುವರು. ಒಂದು ಚಕ್ರಕ್ಕೆ ನಾನು ಅಡ್ಡಗಲ್ಲು ಕೊಡಬೇಕು. ಅವರು ಮೂತಿಯನ್ನು ಪಕ್ಕಕ್ಕೆ ತಳ್ಳಿದರೆ ಕಲ್ಲು ಕೊಟ್ಟ ಚಕ್ರ ಅಲ್ಲೇ ನಿಂತು ಇನ್ನೊಂದು ಚಕ್ರ ಮುಂದೆ ಉರುಳುತ್ತಿತ್ತು. ಆಗ ಉರುಳಿದ ಚಕ್ರಕ್ಕೆ ಕಲ್ಲು ಕೊಟ್ಟು, ಮೊದಲಿನದನ್ನು ಬಿಡಿಸಿ, ಮೂತಿಯನ್ನು ಆ ಕಡೆಗೆ. ಮತ್ತೆ ಈ ಕಡೆಗೆ. ಆನೆ ನಡೆದ ಹಾಗೆ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡುತ್ತ ಸರಿಯುತ್ತಿತ್ತು. ದಾರಿ ಗೇಟಿನ ಕಡೆಗೆ ಇಳಿಜಾರು, ಹಾಗಾಗಿ ಕಲ್ಲು ತಪ್ಪುವಂತಿರಲಿಲ್ಲ. ನಾನು ಕಲ್ಲು ಕೊಟ್ಟ ಮೇಲೆ ಗೌಡರು ಹಿಡಿ ಇಳಿಸಿ ಬಂದು, ಬಗ್ಗಿ, ಕಲ್ಲನ್ನು ಕಾಲಿನಿಂದ ಒದ್ದು ನೋಡುತ್ತಿದ್ದರು. ಪ್ರತಿಸಲವೂ. ನನಗೆ ಮೈ ಉರಿಯುತ್ತಿತ್ತು.

ಅವರು ಯಾರನ್ನೂ ನಂಬುತ್ತಿರಲಿಲ್ಲ, ಅದಕ್ಕೆ ಬೇಜಾರು ಮಾಡಿಕೊಂಡರೆ ಅವರ ಜೊತೆ ಒಂದು ದಿನ ಬಾಳುವುದೂ ಕಷ್ಟ ಎಂದು ನಿಧಾನಕ್ಕೆ ಅರ್ಥವಾಯಿತು. ಮನೆ ಬಾಡಿಗೆಗೆ ಕೇಳಲು ಹೋದ ದಿನ "ಟೀಚರ್ ಅಂತೀರಿ, ಹತ್ತೊಂಬತ್ತರ ಮಗ್ಗಿ ಹೇಳಿ ನೋಡಾಣ," ಎಂದಿದ್ದರು. ಹೇಳಿದೆ. ನಾನು ತಪ್ಪಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ, ಅವರಿಗೆ ಹದಿಮೂರರ ಮೇಲೆ ಬರುತ್ತಿರಲಿಲ್ಲ ಎಂದು ಅವರ ಹೆಂಡತಿ ಲಲಿತಕ್ಕ ಆಮೇಲೆ ಹೇಳಿದರು. ಕಾಫಿ ಕೊಳ್ಳುವ ಸಾಹುಕಾರರು ತೂಕದ ಯಂತ್ರ ತಂದರೆ ಗೌಡರು ಮೂಟೆಗಿಂತ ಮೊದಲು ತಾವೇ ಹತ್ತಿ ನಿಲ್ಲುತ್ತಿದ್ದರು. "ನನ್ನ ತೂಕ ನಂಗೆ ಗೊತ್ತು. ಇವ್ರ ಮಿಷನ್ನಿಗೆ ಗೊತ್ತಾ ಅಂತ ನೋಡ್ಬೇಕಲ್ಲ?" ಸಾಹುಕಾರರಿಗೂ ಅಭ್ಯಾಸವಾಗಿತ್ತು, ಗೌಡರು ಚಪ್ಪಲಿ ಕಳಚಿ ಹತ್ತುವುದನ್ನು ಅವರು ಕಾಫಿ ಕುಡಿಯುತ್ತ ನೋಡುತ್ತಿದ್ದರು. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸಿ ಕಿವಿಗೊಡುವರು. ಮಳೆ ಬರುತ್ತದೆ ಎಂದು ಟಿ.ವಿ.ಯಲ್ಲಿ ಹೇಳಿದರೆ ಹೊರಗೆ ಬಂದು ದೇವರಮನೆ ಗುಡ್ಡದ ಕಡೆ ನೋಡಿ, ಅಲ್ಲಿ ಮೋಡ ಕಂಡರೂ "ಇದು ಬರೋ ಮೋಡ ಅಲ್ಲ" ಎನ್ನುವರು. ನೆನೆದುಕೊಂಡು ಒಳಗೆ ಬಂದ ಮೇಲೂ ಒಪ್ಪುತ್ತಿರಲಿಲ್ಲ.

ಇಂಥ ಮನುಷ್ಯ ದೋಣಿ ಯಾಕೆ ಕೊಂಡರು ಎಂದರೆ, ಲಲಿತಕ್ಕನಿಗಾಗಿ.

ಲಲಿತಕ್ಕ ಕಳಸದ ಕಡೆಯವರು. ಭದ್ರಾ ಹೊಳೆಯ ಆಚೆ ದಡದಲ್ಲಿ ಅವರ ತವರು. ಆಗ ಸೇತುವೆ ಇರಲಿಲ್ಲ, ಮನೆಯಲ್ಲೇ ದೋಣಿಯಿತ್ತು. ತಂಗಿಯರನ್ನು ಕೂರಿಸಿಕೊಂಡು ಶಾಲೆಗೆ ಹುಟ್ಟು ಹಾಕಿಕೊಂಡು ಹೋಗುತ್ತಿದ್ದವರು ಅವರೇ. ಮದುವೆಯಾಗಿ ಬಂದ ಬಾಳೂರಿನ ಮನೆಯ ಹತ್ತಿರ ದೋಣಿ ಹೋಗುವಂಥ ಹೊಳೆ ಇರಲಿಲ್ಲ. ಆದರೆ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ ಗಿಡಕ್ಕೆ ನೀರು ಹಾರಿಸಲೆಂದು ಗೌಡರು ತೋಟದ ಕೆಳಗೆ ದೊಡ್ಡ ಕೆರೆ ತೋಡಿಸಿದ್ದರು. ಆ ಕೆರೆ ತುಂಬಿದಾಗಿನಿಂದ ಲಲಿತಕ್ಕನಿಗೆ ಒಂದೇ ಆಸೆ. "ಒಂದ್ಸಲ ಹುಟ್ಟು ಹಿಡೀಬೇಕು ಅನ್ಸ್ತದೆ ಟೀಚ್ರೇ. ಒಂದೇ ಒಂದು ಸುತ್ತು." ಕಳಸದ ಹತ್ತಿರ ಯಾರೋ ಹೋಂಸ್ಟೇ ಮುಚ್ಚುವಾಗ ಗೌಡರು ಟ್ರೈಲರ್ ಸಮೇತ ಈ ದೋಣಿಯನ್ನು ಮಾರಿದವನ ಗಾಡಿಗೇ ಕಟ್ಟಿಸಿ ತಂದುಬಿಟ್ಟರು. ತಂದ ದಿನ ಹೆಂಡತಿಯ ಮುಂದೆ ನಿಂತು, ನಾಚಿಕೊಂಡು, "ನಿಂಗೇ," ಎಂದರಂತೆ.

ಅಷ್ಟೇ. ಕೆರೆಗೆ ಮಾತ್ರ ಅದು ಹೋಗಲಿಲ್ಲ. ಕೆರೆಯ ಹತ್ತಿರ ಬಿಟ್ಟರೆ ಮೀನು ಹಿಡಿಯಲು ಬರುವವರು ಕದಿಯುತ್ತಾರೆ. ಕೊಂಡು ಹೋಗಿ ವಾಪಸ್ ತರೋಣವೆಂದರೆ ಸುಂದರನನ್ನು ನಂಬುವುದು ಹೇಗೆ? ದೋಣಿಯ ತಳದಲ್ಲಿ ಸಣ್ಣ ತೂತಿದೆ, ಮಾರಿದವನು ಬಣ್ಣ ಬಳಿದು ಮುಚ್ಚಿದ್ದಾನೆ ಎಂದೂ ಒಂದು ಅನುಮಾನ. ಟಾರ್ಪಾಲು ಎತ್ತಿ, ಒಳಗೆ ನೀರು ತುಂಬಿಸಿ, ಒಂದು ಹಗಲೆಲ್ಲ ಅಡಿಯಲ್ಲಿ ಕೂತು ನೋಡಿದರು. ಒಂದು ಹನಿ ತೊಟ್ಟಿಕ್ಕಲಿಲ್ಲ. "ಒಳಗಿಂದ ಸೋರಲ್ಲ ಅಂದ್ರೆ ಹೊರಗಿಂದ ಸೋರಲ್ಲ ಅಂತ ಏನು ಗ್ಯಾರಂಟಿ?" ಎಂದರು. ಕುಯ್ಲು ಮುಗೀಲಿ, ಹೂಮಳೆ ಆಗಲಿ, ಮಳೆಗಾಲ ಕಳೀಲಿ ಎಂದು ವರ್ಷಗಳು ಉರುಳಿದವು. ದೋಣಿ ಗೋಡೆಯಿಂದ ಗೇಟಿಗೆ, ಗೇಟಿನಿಂದ ಗೋಡೆಗೆ ತಿರುಗಿದ್ದಷ್ಟೇ ಬಂತು.

ಆ ನಡುವೆ ನಡೆದ ಒಂದು ಪ್ರಸಂಗ ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಕುಯ್ಲಿನ ಕಾಲ. ಗೇಟಿನ ಪಕ್ಕದ ಕಣದಲ್ಲಿ ಕಾಫಿ ಹಣ್ಣು ರಾಶಿ ಹಾಕಿದ್ದರು. ನಾನು ಕಲ್ಲು ಕೊಟ್ಟು "ಹೂಂ" ಎಂದೆ. ಗೌಡರು ಎಂದಿನಂತೆ ಬಂದು ಒದ್ದು ನೋಡಿದರು. ಕಲ್ಲು ಅಲ್ಲಾಡಲಿಲ್ಲ. ಅಲ್ಲಾಡದ್ದೇ ಅವರಿಗೆ ಅನುಮಾನ. "ಇದು ಚಕ್ರಕ್ಕೆ ತಾಗಿದೆಯೋ, ಬರೀ ನೆಲಕ್ಕೆ ಕಚ್ಚಿಕಂಡಿದೆಯೋ?" ಎನ್ನುತ್ತ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ತೆಗೆದು, ಅದರ ತಳ ನೋಡಿದರು.

ದೋಣಿ ಹೊರಟಿತು. ಮೊದಲು ನಿಧಾನಕ್ಕೆ, ಆಮೇಲೆ ನಿಧಾನವಿರಲಿಲ್ಲ. ಕಲ್ಲು ಎದೆಗವುಚಿಕೊಂಡು ಗೌಡರು ಹಿಂದೆ ಓಡಿದರು, ಅವರ ಹಿಂದೆ ನಾನು. ಟ್ರೈಲರ್ ಗೇಟಿನ ಕಂಬಕ್ಕೆ ಸವರಿ, ಕಣಕ್ಕೆ ತಿರುಗಿ, ಕಾಫಿ ಹಣ್ಣಿನ ರಾಶಿಯೊಳಗೆ ಚಕ್ರ ಹುಗಿದುಕೊಂಡು ನಿಂತಿತು. ಲಲಿತಕ್ಕ ಜಗಲಿಗೆ ಬಂದು ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಾನು ಬೈಗುಳಕ್ಕೆ ಸಿದ್ಧಳಾದೆ. ಗೌಡರು ಕಲ್ಲನ್ನು ಇಳಿಸಿ, ಬೆವರು ಒರೆಸಿಕೊಂಡು ನನ್ನ ಕಡೆ ನೋಡಿದರು.

"ನೀವು ಕಲ್ಲು ಸರಿಯಾಗೇ ಕೊಟ್ಟಿದ್ರಿ ಟೀಚ್ರೇ," ಎಂದರು. "ಈಗ ನಂಬಿಕೆ ಬಂತು."

ಅವರಿಂದ ಆ ಮಾತು ಕೇಳಿದವರು ಊರಿನಲ್ಲಿ ಇನ್ಯಾರೂ ಇರಲಾರರು. ನನಗಂತೂ ಹೆಮ್ಮೆಯಾಯಿತು, ಸುಳ್ಳು ಹೇಳುವುದೇಕೆ. ಮಾರನೆಯ ಸಂಜೆಯಿಂದ ಅವರು ಕಲ್ಲು ಒದೆಯುವುದನ್ನು ಬಿಟ್ಟರು. ದೂರದಿಂದ ನೋಡುತ್ತಿದ್ದರು, ಅಷ್ಟೇ.

ಅದರ ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಲಲಿತಕ್ಕನ ಬಲಭುಜ ಹಿಡಿದುಕೊಳ್ಳತೊಡಗಿತು. ತಲೆ ಬಾಚಿಕೊಳ್ಳಲೂ ಕೈ ಮೇಲೆ ಹೋಗದು. ಮೂಡಿಗೆರೆಯ ಡಾಕ್ಟರು ಇದು ಬರಬರುತ್ತ ಇನ್ನೂ ಬಿಗಿಯುತ್ತದೆ ಎಂದರಂತೆ. ಆ ದಿನ ಅವರು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಳುವ ಹೆಂಗಸಲ್ಲ, ಆದರೂ ಸೆರಗು ಕಣ್ಣಿಗೆ ಒತ್ತಿಕೊಂಡರು. "ಇನ್ನೊಂದು ವರ್ಷ ಹೋದ್ರೆ ದೋಣಿ ಇರ್ತದೆ, ಕೆರೆ ಇರ್ತದೆ, ನನ್ನ ಕೈ ಇರಲ್ಲ ಟೀಚ್ರೇ. ಇವ್ರನ್ನ ಕೇಳಿ ಕೇಳಿ ನಂಗೆ ಸಾಕಾಗಿದೆ."

"ಕೇಳೋದು ಬಿಡಿ ಹಂಗಾದ್ರೆ," ಎಂದೆ. ಬಾಯಿಂದ ಬಂದುಬಿಟ್ಟಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಗೌಡರು ಮೂಡಿಗೆರೆ ಸಂತೆಗೆ ಹೋದ ಶುಕ್ರವಾರ, ಶಾಲೆಗೆ ರಜೆಯಿತ್ತು. ಬಸ್ಸಿನಲ್ಲಿ ಹೋಗಿದ್ದರು, ಜೀಪು ಮನೆಯಲ್ಲೇ ಇತ್ತು. ಆ ದಿನ ಬೆಳಿಗ್ಗೆ ಬಸ್ಸಿಗೆ ಅವಸರವಾಗಿ ಅವರು ದೋಣಿಯನ್ನು ಗೋಡೆಗೆ ಮುಖ ಮಾಡಿಯೇ ಬಿಟ್ಟಿದ್ದರು, ಅಥವಾ ಬೇಕೆಂದೇ ಬಿಟ್ಟಿದ್ದರೋ ಏನೋ. ಮನೆಗೆಲಸ, ಊಟ ಮುಗಿಸಿ ಮಧ್ಯಾಹ್ನದ ಮೇಲೆ ನಾವಿಬ್ಬರು ಹೆಂಗಸರು ಅದನ್ನು ತಿರುಗಿಸಲು ನಿಂತೆವು. ಲಲಿತಕ್ಕ ಎಡಗೈಯಲ್ಲೇ ಕಲ್ಲು ಕೊಟ್ಟರು, ನಾನು ಮೊದಲ ಸಲ ಮೂತಿಯ ಹಿಡಿ ಹಿಡಿದೆ. ಅಷ್ಟು ಭಾರವೆಂದು ಗೊತ್ತಿರಲಿಲ್ಲ; ಆ ವಯಸ್ಸಿನಲ್ಲಿ ಅವರು ದಿನಾ ಎರಡು ಹೊತ್ತು ಇದನ್ನು ಎತ್ತುತ್ತಿದ್ದರಲ್ಲ ಎನ್ನಿಸಿತು. ಎಡಕ್ಕೆ ತಳ್ಳಿ, ಕಲ್ಲು. ಬಲಕ್ಕೆ ತಳ್ಳಿ, ಕಲ್ಲು. ಸುಂದರ ಜೀಪು ತಂದು ಕೊಕ್ಕೆ ಸಿಕ್ಕಿಸಿದ. ಸಿಕ್ಕಿಸಲು ಅವನಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. "ಇದು ನಂಗೆ ಮೊದ್ಲೇ ಗೊತ್ತು ಅಕ್ಕಾ, ಗೌಡ್ರಿಗೆ ಹೇಳ್ಬೇಡಿ," ಎಂದ.

ಸಂಜೆ ಬಸ್ಸಿಳಿದ ಗೌಡರು ಖಾಲಿ ದಾರಿ ನೋಡಿ ಏನು ಮಾಡಿದರು ಎಂಬುದನ್ನು ಆಮೇಲೆ ಅವರೇ ಹೇಳಿದರು. ಮೊದಲು ಚಕ್ರದ ಗುರುತು ನೋಡಿದರಂತೆ. ಆಮೇಲೆ ಅಡ್ಡಗಲ್ಲು ನೋಡಿದರಂತೆ. ಅದು ಗೋಡೆಯ ಬುಡದಲ್ಲಿ ತನ್ನ ಜಾಗದಲ್ಲೇ ಕೂತಿತ್ತು. "ಕಳ್ಳ ಯಾವನಾದ್ರೂ ಕಲ್ಲನ್ನ ವಾಪಸ್ ಜಾಗದಲ್ಲಿ ಇಟ್ಟು ಹೋಗ್ತಾನಾ? ಇದು ಟೀಚ್ರ ಕೆಲ್ಸ ಅಂತ ಆಗ್ಲೇ ಗೊತ್ತಾಯ್ತು." ಸಂತೆಯ ಚೀಲವನ್ನು ಜಗಲಿಗೆ ಎಸೆದು ತೋಟದ ಒಳದಾರಿಯಲ್ಲಿ ಇಳಿದು ಬಂದಿದ್ದರು.

ನಾವು ಆಗಷ್ಟೇ ದೋಣಿಯನ್ನು ನೀರಿಗೆ ಇಳಿಸಿದ್ದೆವು. ಕೆರೆಯ ಏರಿಯ ಮೇಲೆ ಅವರು ಕಾಣಿಸಿಕೊಂಡಾಗ ಸುಂದರ ಜೀಪಿನ ಹಿಂದೆ ಸರಿದ. ನಾನೂ ಸರಿಯುತ್ತಿದ್ದೆ, ಜಾಗವಿರಲಿಲ್ಲ. ಲಲಿತಕ್ಕ ಮಾತ್ರ ಆಗಲೇ ದೋಣಿಯೊಳಗೆ ಕೂತು ಹುಟ್ಟು ಹಿಡಿದಿದ್ದರು.

"ಇಳಿ ಲಲಿತಾ."

"ಇಳಿಯಲ್ಲ. ನೀವೂ ಹತ್ತಿ."

ಗೌಡರು ನೀರನ್ನು ನೋಡಿದರು. ಯಾರನ್ನೇ ಆಗಲಿ ಅವರು ಅಷ್ಟು ಅನುಮಾನದಿಂದ ನೋಡಿದ್ದನ್ನು ನಾನು ಕಂಡಿರಲಿಲ್ಲ. "ನಂಗೆ ಈಜು ಬರಲ್ಲ," ಎಂದರು, ಬಹಳ ಮೆಲ್ಲಗೆ. "ನೀನು ಮುಳುಗಿದ್ರೆ ನಾನು ದಡದಲ್ಲಿ ನಿಂತು ನೋಡ್ಬೇಕಾಗ್ತದೆ. ಕಳ್ರ ಮಾತು ಬಿಡು, ಕಳ್ರು ಬಂದ್ರೆ ಕತ್ತಿ ಹಿಡ್ಕಂಡು ಓಡಬಹುದು. ಈ ನೀರಿಗೆ ನಾನು ಏನು ಮಾಡ್ಲಿ?"

ನಿಮಗೆ ನೀರಿನ ಹೆದರಿಕೆಯೇ ಎಂದು ಇಷ್ಟು ವರ್ಷ ನಾವು ಯಾರೂ ಅವರನ್ನು ಕೇಳಿರಲಿಲ್ಲವಲ್ಲ ಎಂದು ನನಗೆ ಆಗ ಹೊಳೆಯಿತು. ಲಲಿತಕ್ಕನ ಮುಖವೂ ಬದಲಾಯಿತು. ಅವರು ದೋಣಿಯ ಮುಂದೆ ಕಟ್ಟಿದ್ದ ಹಗ್ಗದ ತುದಿಯನ್ನು ದಡಕ್ಕೆ ಎಸೆದರು. "ಹಿಡ್ಕಳಿ. ನಿಮ್ಗೆ ಹೆದ್ರಿಕೆ ಆದ್ರೆ ಎಳ್ಕಳಿ."

ಗೌಡರು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡರು. ಲಲಿತಕ್ಕ ಹುಟ್ಟು ಹಾಕಿದರು. ಬಲಗೈ ಅರ್ಧಕ್ಕೇ ನಿಲ್ಲುತ್ತಿತ್ತು, ಎಡಗೈ ಬಾಕಿಯನ್ನು ಎಳೆದುಕೊಳ್ಳುತ್ತಿತ್ತು. ದೋಣಿ ಹೋದಂತೆ ಗೌಡರು ಏರಿಯ ಮೇಲೆ ನಡೆದರು. ಹಗ್ಗ ಬಿಗಿಯಾಯಿತು. ದೋಣಿ ಅಲ್ಲಿಗೇ ನಿಂತು, ಮೂತಿ ದಡದ ಕಡೆ ವಾಲಿತು. ಲಲಿತಕ್ಕ ತಿರುಗಿ ನೋಡಿದರು. ಬಿಡಿ ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಗೌಡರು ಕೈಯ ಸುತ್ತನ್ನು ಒಂದೊಂದಾಗಿ ಬಿಚ್ಚಿ, ಹಗ್ಗವನ್ನು ನೀರಿಗೆ ಬಿಟ್ಟರು.

"ನೋಡ್ಕಳಿ ಟೀಚ್ರೇ," ಎಂದರು ನನ್ನ ಕಡೆ ತಿರುಗಿ. "ನಾನಾಗೇ ಬಿಟ್ಟಿದ್ದು."

ಲಲಿತಕ್ಕ ಕೆರೆಯನ್ನು ಪೂರಾ ಒಂದು ಸುತ್ತು ಹಾಕಿ ಬಂದರು. ಮುಖ ಕೆಂಪಾಗಿತ್ತು, ನೋವಿಗೋ ಸಂತೋಷಕ್ಕೋ ಹೇಳಲಾರೆ. ಗೌಡರು ಅಷ್ಟು ಹೊತ್ತೂ ಕೂರಲಿಲ್ಲ.

ಆ ತಿಂಗಳೇ ನನಗೆ ಆಲ್ದೂರಿಗೆ ವರ್ಗವಾಯಿತು. ಸಾಮಾನು ಹೇರುವಾಗ ಗೌಡರು ನಾನು ತರಿಸಿದ್ದ ಬಾಡಿಗೆ ಜೀಪಿನ ಟಯರುಗಳನ್ನೆಲ್ಲ ಒದ್ದು ನೋಡಿ ಕಳಿಸಿಕೊಟ್ಟರು. ಅದೇ ಕೊನೆ. ಮುಂದಿನ ಮಳೆಗಾಲದಲ್ಲಿ, ಮಧ್ಯಾಹ್ನ ಊಟ ಮಾಡಿ ಕೈತೊಳೆಯಲು ಎದ್ದ ಗೌಡರು ಹಾಗೇ ಕುಸಿದು ಹೋಗಿಬಿಟ್ಟರಂತೆ. ಸುದ್ದಿ ಕೇಳಿ ನಾನು ಹೋದಾಗ ಲಲಿತಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬಹಳ ಹೊತ್ತು ಬೇರೆ ಏನೇನೋ ಮಾತಾಡಿ, ಆಮೇಲೆ ಹೇಳಿದರು.

"ಕೆರೆಗೆ ಹೋದ ದಿನ ರಾತ್ರಿ ಇವ್ರು ಏನು ಮಾಡಿದ್ರು ಗೊತ್ತಾ ಟೀಚ್ರೇ? ನನ್ನ ಸೆರಗಿನ ತುದಿ ಮುಷ್ಟೀಲಿ ಹಿಡ್ಕಂಡು ಮಲಗಿದ್ರು. ಆವತ್ತಿಂದ ಕೊನೇವರೆಗೂ ಹಂಗೇ. ಯಾಕ್ರೀ ಅಂತ ಕೇಳಿದ್ರೆ, ಕಳ್ರು ಬರ್ತಾರೆ, ಸುಮ್ನೆ ಮಲಗು ಅಂತಿದ್ರು."