ಲೋಟದ ಮೇಲೆ ಯಾರ ಹೆಸರು?

ಬೆಳಿಗ್ಗೆ ಅಡುಗೆಮನೆ ಗುಡಿಸುವಾಗ ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದೆ. ಹಿಂದಿನಿಂದ ಹಳೇ ಧೂಳಿನ ಜೊತೆಗೆ, ಯಾವತ್ತೋ ಉರುಳಿಹೋಗಿ ಅಲ್ಲೇ ಒಣಗಿದ ಈರುಳ್ಳಿಯ ವಾಸನೆ ಬಂತು. ನೆಲದ ಮೇಲೆ ಫ್ರಿಜ್ಜಿನ ಕಾಲಿದ್ದ ಕಡೆಯೆಲ್ಲ ತುಕ್ಕಿನ ಉಂಗುರ, ಸುತ್ತಲೂ ಚೌಕಾಕಾರದ ಕರೆ. ಬೇರೆ ಯಾರಾದರೂ ಆಗಿದ್ದರೆ ಸೋಪಿನ ನೀರು ತಂದು ಉಜ್ಜಲು ಕೂರುತ್ತಿದ್ದರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಸದ್ಯ, ಗುರುತು ಚೆನ್ನಾಗಿ ಬಿದ್ದಿದೆ’ ಎಂದು ಸಮಾಧಾನಪಟ್ಟುಕೊಂಡೆ. ಭಾನುವಾರ ನನ್ನ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬರುತ್ತಿದ್ದಾರೆ. ಫ್ರಿಜ್ಜು ನಮ್ಮದೇ ಎನ್ನುವುದಕ್ಕೆ ಏನಾದರೂ ಸಾಕ್ಷಿ ಬೇಡವೇ?

ನಗಬೇಡಿ. ಈ ಬುದ್ಧಿ ನನ್ನದಲ್ಲ, ದೊಡ್ಡಮ್ಮನದು. ನನ್ನ ಅಮ್ಮನ ಅಕ್ಕ ಅವಳು. ಗಂಡ ತೀರಿಕೊಂಡ ಮೇಲೆ ಟಿ. ನರಸೀಪುರದಲ್ಲಿ ನಮ್ಮ ಮನೆಗೇ ಬಂದು ಸೇರಿದವಳು. ನಮ್ಮ ಮನೆಯೊಳಕ್ಕೆ ಯಾವ ಪದಾರ್ಥವೂ ಅವಳ ಪರೀಕ್ಷೆ ಪಾಸಾಗದೆ ಬರುವಂತಿರಲಿಲ್ಲ. ಮೊಟ್ಟೆ ತಂದರೆ ನೀರಿನ ಪಾತ್ರೆಗೆ ಬಿಡುತ್ತಿದ್ದಳು. ತೇಲಿತೋ, ಅಂಗಡಿಯವನ ಗ್ರಹಚಾರ ನೆಟ್ಟಗಿಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ, ಯಾರೋ ಗುಟ್ಟು ಹೇಳುತ್ತಿರುವವರ ಮಾತು ಕೇಳುವಂತೆ ಕೇಳುತ್ತಿದ್ದಳು. ಸಿಲಿಂಡರಿನಲ್ಲಿ ಗ್ಯಾಸ್ ಎಷ್ಟಿದೆ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲಿಯವರೆಗೆ ಬೇಗ ಒಣಗಿತು ಎಂದು ನೋಡುವುದನ್ನು ನಾನು ಕಲಿತದ್ದು ಅವಳಿಂದಲೇ. ನಮಗೆಲ್ಲ ಬರೀ ಕುತೂಹಲವಾಗಿದ್ದ ಇಂಥ ಪ್ರಶ್ನೆಗಳು ಅವಳ ಪಾಲಿಗೆ ಯಾರೋ ಎಲ್ಲೋ ಹೂಡಿದ ಮೋಸ.

ಫ್ರಿಜ್ಜಿನ ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ಆರುತ್ತದೋ ಇಲ್ಲವೋ ಎಂದು ನೀವೂ ಯಾವಾಗಲಾದರೂ ಯೋಚಿಸಿರುತ್ತೀರಿ, ಯೋಚಿಸಿ ಮರೆತಿರುತ್ತೀರಿ. ದೊಡ್ಡಮ್ಮ ಮರೆಯುವವಳಲ್ಲ. ನಮ್ಮ ಮನೆಗೆ ಫ್ರಿಜ್ಜು ಬಂದಾಗ ಅದರ ಮುಂದೆ ಹೆಜ್ಜೆ ಸಪ್ಪಳವಾಗದಂತೆ ಹೋಗಿ ಬಾಗಿಲನ್ನು ಫಟ್ಟನೆ ತೆಗೆಯುತ್ತಿದ್ದಳು. ‘ಎಷ್ಟು ಬೇಗ ತೆಗುದ್ರೂ ಉರೀತಾನೇ ಇರ್ತದೆ ಕಣ್ಮಗ. ನಂಗ್ಯಾಕೋ ಅನುಮಾನ’ ಎನ್ನುತ್ತಿದ್ದಳು. ಬಾಗಿಲ ಸಂದಿಯ ಗುಂಡಿಯನ್ನು ಬೆರಳಿನಿಂದ ಒತ್ತಿ ದೀಪ ಆರಿಸಿ ತೋರಿಸಿದೆ. ‘ನೀನು ಒತ್ತಿದ್ರೆ ಆರ್ತದೆ ಸರಿ. ಬಾಗ್ಲು ಒತ್ತುತ್ತೆ ಅನ್ನೋಕೆ ನೀನೇನ್ ಒಳಗೆ ಕೂತು ನೋಡಿದ್ದೀಯಾ?’ ಎಂದಳು. ನನ್ನ ಬಿ.ಎಸ್ಸಿ. ಡಿಗ್ರಿ ಅಲ್ಲಿಗೆ ಮುಗಿಯಿತು.

ಅವಳು ಹುಟ್ಟುತ್ತಲೇ ಹೀಗಿರಲಿಲ್ಲವಂತೆ. ಅವಳನ್ನು ಕೊಟ್ಟದ್ದು ಮುಡುಕುತೊರೆ ಕಡೆಯ ಒಂದು ಮನೆಗೆ. ನಮ್ಮ ಸೀಮೆಯಲ್ಲಿ ಹುಡುಗ ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುವ ಪದ್ಧತಿ. ನಮ್ಮ ತಾತ ಹೋದಾಗ ಪಡಸಾಲೆ ತುಂಬ ಭತ್ತದ ಮೂಟೆ, ಕೊಟ್ಟಿಗೆಯಲ್ಲಿ ಜೋಡೆತ್ತು, ಗೂಟದಲ್ಲಿ ಹಸು, ಬಚ್ಚಲಲ್ಲಿ ತಾಮ್ರದ ಹಂಡೆ. ತಾತ ಹಿಗ್ಗಿ ಮಾತು ಕೊಟ್ಟು ಬಂದರು. ಮದುವೆಯಾಗಿ ದೊಡ್ಡಮ್ಮ ಕಾಲಿಟ್ಟ ಮಾರನೆಯ ಬೆಳಿಗ್ಗೆ, ಚಪ್ಪರ ಇನ್ನೂ ಬಿಚ್ಚಿಲ್ಲ, ಎತ್ತಿನವರು ಬಂದು ಎತ್ತು ಹೊಡೆದುಕೊಂಡು ಹೋದರು. ಆಮೇಲೆ ಹಸುವಿನವರು ಬಂದರು, ಹಂಡೆಯವರು ಬಂದರು. ಮೂಟೆಗಳಲ್ಲಿ ಮೇಲೊಂದು ಪದರ ಭತ್ತ, ಕೆಳಗೆಲ್ಲ ಹೊಟ್ಟು. ಹೊಸ ಸೀರೆಯಲ್ಲಿ ಬಾಗಿಲಲ್ಲಿ ನಿಂತು ಮನೆ ಖಾಲಿಯಾಗುವುದನ್ನು ನೋಡಿದ ಹುಡುಗಿ ಆಮೇಲೆ ಯಾವುದನ್ನು ತಾನೇ ನಂಬಿಯಾಳು?

ಹೀಗಾಗಿ ನನಗೆ ಗಂಡು ನೋಡುವ ಕಾಲ ಬಂದಾಗ ದೊಡ್ಡಮ್ಮ ಸೆರಗು ಬಿಗಿದು ನಿಂತಳು. ಬಂದ ಸಂಬಂಧಗಳನ್ನೆಲ್ಲ ಒಂದೊಂದು ಕಾರಣಕ್ಕೆ ತಳ್ಳಿಹಾಕಿದಳು. ಒಬ್ಬನ ವಾಚು ನಿಂತುಹೋಗಿತ್ತು. ನಿಂತ ವಾಚು ಕಟ್ಟಿಕೊಂಡು ಬಂದವನು ಇನ್ನೇನನ್ನು ತೋರಿಕೆಗೆ ಕಟ್ಟಿಕೊಂಡಾನೋ! ನನಗೂ ಆಗ ಬೇಜಾರಾಗಲಿಲ್ಲ, ಯಾರೂ ಅಷ್ಟೇನೂ ಹಿಡಿಸಿರಲಿಲ್ಲ.

ಆಮೇಲೆ ದೇವನೂರಿನ ಹುಡುಗ ಬಂದ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ, ತಂದೆ ಇಲ್ಲ, ಊರಲ್ಲಿ ತಾಯಿ. ಉಳಿದವರೆಲ್ಲ ಅಡುಗೆ ಬರುತ್ತಾ, ಹಾಡು ಬರುತ್ತಾ ಎಂದು ಕೇಳಿದ್ದರೆ ಇವನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ‘ನಮ್ಮೂರಿಗೆ ಬಸ್ಸು ಕಮ್ಮಿ. ಪರ್ವಾಗಿಲ್ವಾ?’ ಎಂದು ಕೇಳಿದ. ಅಷ್ಟೇ. ನಾನು ತಲೆ ಎತ್ತಿ ನೋಡಿದೆ, ನನಗೆ ಅವನು ಇಷ್ಟವಾದ. ಅವತ್ತಿನಿಂದ ದೊಡ್ಡಮ್ಮನ ಪರೀಕ್ಷೆಗಳಿಗೆ ನಗುವುದನ್ನು ಬಿಟ್ಟೆ. ಈ ಸಲ ಮೊಟ್ಟೆ ತೇಲಿದರೆ ಮುಳುಗುವವಳು ನಾನು.

ಮನೆ ನೋಡಲು ಹೆಣ್ಣನ್ನೇ ಕರೆದುಕೊಂಡು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ದೊಡ್ಡಮ್ಮ ಅದನ್ನೂ ಮುರಿದಳು. ‘ಬಾಳೋಳು ಅವ್ಳು. ನಮ್ಮಪ್ಪ ನೋಡಿ ಬಂದದ್ದು ಸಾಕಾಗಿಲ್ವಾ?’ ಎಂದಳು. ನನ್ನ ಅಪ್ಪ ಒಪ್ಪಿದರು. ಮೂವರೂ ನಂಜನಗೂಡಿಗೆ ಬಂದು, ಅಲ್ಲಿಂದ ದೇವನೂರಿನ ಬಸ್ಸು ಹಿಡಿದೆವು.

ಸಣ್ಣ ಹೆಂಚಿನ ಮನೆ. ಜಗಲಿಯ ಪಕ್ಕದಲ್ಲಿ ಕರುವಿನ ಜೊತೆ ಹಸು, ಒಳಗೆ ಬೆತ್ತದ ಕುರ್ಚಿಗಳು, ಕಸೂತಿ ಬಟ್ಟೆ ಹೊದಿಸಿದ ಟಿವಿ. ಅಪ್ಪ ಆಗಲೇ ಹಿಗ್ಗಿದ್ದರು. ದೊಡ್ಡಮ್ಮ ಚಪ್ಪಲಿ ಬಿಡುವ ನೆಪದಲ್ಲಿ ಅಂಗಳದಲ್ಲೇ ನಿಂತು ಸೂರಿನ ಕಡೆ ನೋಡಿದಳು. ಟಿವಿ ಇದ್ದ ಮನೆಯ ಮೇಲೆ ಆಂಟೆನಾ ಇರಲಿಲ್ಲ. ಅವಳ ತುಟಿ ಬಿಗಿಯಾದದ್ದು ನನಗೆ ಕಂಡಿತು.

ಹುಡುಗನ ತಾಯಿ ಮಾದೇವಮ್ಮ ಕಾಫಿ ತಂದುಕೊಟ್ಟರು. ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ರೂಢಿ ನಿಮಗೆ ಗೊತ್ತೇ ಇದೆ. ಅಂಗಡಿಯವನು ಚಿಕ್ಕ ಮೆಷಿನ್ನಿನಲ್ಲಿ ಕುರ್ರೆನ್ನಿಸಿ ಚುಕ್ಕೆ ಚುಕ್ಕೆಯಾಗಿ ಬರೆದುಕೊಡುತ್ತಾನೆ, ಮದುವೆ ಮುಂಜಿಯಲ್ಲಿ ಅದಲುಬದಲಾಗದಿರಲಿ ಎಂದು. ನನ್ನ ಲೋಟದ ಕಂಠದ ಕೆಳಗೆ ‘ಪುಟ್ಟತಾಯಮ್ಮ’ ಎಂದಿತ್ತು. ಅಜ್ಜಿಯ ಹೆಸರಿರಬಹುದು ಎಂದುಕೊಂಡೆ. ಅಪ್ಪನ ಲೋಟದ ಮೇಲೆ ‘ಚಿಕ್ಕಣ್ಣ’. ಹುಡುಗನ ಲೋಟದ ಮೇಲೆ ‘ರಾಚಪ್ಪನವರ ಮಗಳ ಮದುವೆಗೆ’. ನಾನು ಕಾಫಿ ಅರ್ಧಕ್ಕೇ ಬಿಟ್ಟು ಲೋಟ ಕೆಳಗಿಟ್ಟೆ. ಊರೆಲ್ಲ ಸುತ್ತಿ ಲೋಟ ಜೋಡಿಸಿದವರಿಗೆ ಲೋಟದ ಮೇಲೆ ಅಕ್ಷರ ಇರುತ್ತದೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ. ದೊಡ್ಡಮ್ಮ ತನ್ನ ಕಾಫಿ ಕುಡಿದು ಮುಗಿಸಿ, ಲೋಟವನ್ನು ನಿಧಾನವಾಗಿ ತಿರುಗಿಸುತ್ತ, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಆಮೇಲೆ ನಾನು ಕೆಳಗಿಟ್ಟ ಲೋಟವನ್ನೂ ಎತ್ತಿ ಓದಿದಳು. ಬೈಯುವ ದೊಡ್ಡಮ್ಮನಿಗಿಂತ ಸುಮ್ಮನಿರುವ ದೊಡ್ಡಮ್ಮ ಅಪಾಯ.

ಹೊರಟು ಅರಳಿಕಟ್ಟೆಯ ಹತ್ತಿರ ಬಂದು ನಿಂತೆವು. ಅಲ್ಲಿಂದ ಆ ಮನೆಯ ಜಗಲಿ ಕಾಣುತ್ತಿತ್ತು. ಬಸ್ಸು ಬಂತು. ದೊಡ್ಡಮ್ಮ ಹತ್ತಲಿಲ್ಲ.

‘ಅಕ್ಕಾ, ಇನ್ನೊಂದು ಬಸ್ಸು ಸಾಯಂಕಾಲಕ್ಕೇ’ ಎಂದರು ಅಪ್ಪ.

‘ಓಗೋದಾದ್ರೆ ನೀನು ಓಗಪ್ಪ. ಎಲ್ಲಾ ಎರವಲು ತಂದವ್ರೆ. ಕೊಟ್ಟೋರು ಇಸ್ಕೊಳ್ಳಾಕೆ ಎಂಗ್ ಬತ್ತಾರೆ, ನಾನದ ನೋಡ್ಬೇಕು.’

ಅಪ್ಪನ ಮುಖ ಇಳಿದುಹೋಯಿತು. ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ದೊಡ್ಡಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಕಟ್ಟೆಯ ಹಿಂಬದಿಗೆ ಸರಿದು ಕೂತಳು. ದಾರಿಹೋಕರೊಬ್ಬರು, ‘ಯಾರ ಮನೆಗೆ ಬಂದಿದ್ರವ್ವಾ?’ ಎಂದು ಕೇಳಿದರೆ, ಕಣ್ಣು ಮಿಟುಕಿಸದೆ ‘ಕೋಳಿ ಕೊಳ್ಳಾಕೆ’ ಎಂದಳು. ಜಗತ್ತೆಲ್ಲ ಸುಳ್ಳು ಹೇಳುತ್ತದೆ ಎಂದು ಅನುಮಾನಿಸುವವಳ ಬಾಯಲ್ಲಿ ಸುಳ್ಳು ಎಷ್ಟು ಸಲೀಸಾಗಿ ಬಂತು! ನನಗೆ ನಗುವ ಶಕ್ತಿ ಇರಲಿಲ್ಲ. ಆ ಜಗಲಿಯನ್ನೇ ನೋಡುತ್ತ, ಯಾರೂ ಬರದಿರಲಪ್ಪ ಎಂದು ಬೇಡಿಕೊಳ್ಳುತ್ತಿದ್ದೆ.

ಆದರೆ ಎದುರು ಮನೆಯಿಂದ ಒಬ್ಬ ಹೆಂಗಸು ಈಚೆ ಬಂದಳು. ಅವಳನ್ನು ಕಂಡದ್ದೇ ಹಸು ಹಗ್ಗ ಜಗ್ಗಿ ಅಂಬಾ ಎಂದಿತು.

‘ಅಸ ಅವ್ಳದು’ ಎಂದಳು ದೊಡ್ಡಮ್ಮ.

ನನ್ನ ಕಣ್ಣಲ್ಲಿ ನೀರು ಬಂತು. ಇನ್ನು ಹಗ್ಗ ಬಿಚ್ಚುತ್ತಾಳೆ, ಮುಗಿಯಿತು. ಆ ಹೆಂಗಸು ಹಗ್ಗ ಬಿಚ್ಚಲಿಲ್ಲ. ಕಂಕುಳಲ್ಲಿದ್ದ ಹುಲ್ಲಿನ ಹೊರೆಯನ್ನು ಹಸುವಿನ ಮುಂದೆ ಹಾಕಿ, ಅದರ ಕತ್ತು ತುರಿಸಿ, ಜಗಲಿಯ ಮೇಲೆ ಕೂತಳು. ಮಾದೇವಮ್ಮ ಎಲೆಯಡಿಕೆ ತಟ್ಟೆ ತಂದರು. ಇಬ್ಬರೂ ಏನೋ ಮಾತಾಡಿ ಜೋರಾಗಿ ನಕ್ಕರು. ಇನ್ನೊಬ್ಬಳು ಮಗು ಎತ್ತಿಕೊಂಡು ಬಂದು ಸೇರಿಕೊಂಡಳು. ಲೋಟವನ್ನಾಗಲಿ ಕುರ್ಚಿಯನ್ನಾಗಲಿ ಯಾರೂ ಹೊತ್ತುಕೊಂಡು ಹೋಗಲಿಲ್ಲ. ಬಿಸಿಲು ಇಳಿಯಿತು. ದೊಡ್ಡಮ್ಮ ಎದ್ದು ಸೀರೆ ಕೊಡವಿ, ‘ಬನ್ನಿ’ ಎಂದಳು.

ಹೋದವರು ಮತ್ತೆ ಬಂದದ್ದನ್ನು ಕಂಡು ಮಾದೇವಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಎದುರು ಮನೆಯವಳು ಮಾತ್ರ ಎದ್ದು ನಿಂತು, ಕೇಳದೇ ಹೇಳಿದಳು: ‘ಈ ಅಸ ಇವ್ರದೇ ಕಣವ್ವ.’ ಹಸು ಅವಳ ಕೈ ನೆಕ್ಕುತ್ತಿತ್ತು.

‘ನೀನೇ ಅಲ್ವಾ ಪುಟ್ಟತಾಯಮ್ಮ?’ ಎಂದಳು ದೊಡ್ಡಮ್ಮ. ‘ನಿನ್ನ ಲೋಟ ಒಳಗದೆ.’

ಪುಟ್ಟತಾಯಮ್ಮ ನಾಲಿಗೆ ಕಚ್ಚಿಕೊಂಡಳು. ಹುಡುಗ ಒಳಗಿನಿಂದ ಬಂದು, ‘ನಾನು ಬ್ಯಾಡ ಅಂದೆ, ನಮ್ಮವ್ವ ಕೇಳ್ನಿಲ್ಲ’ ಎಂದ. ತಲೆ ತಗ್ಗಿಸದೆ ದೊಡ್ಡಮ್ಮನನ್ನೇ ನೋಡಿ ಹೇಳಿದ. ಮಾದೇವಮ್ಮ ಅತ್ತುಬಿಟ್ಟರು. ‘ಒಬ್ಬ ಮಗ ಕಣಕ್ಕ. ಒಳ್ಳೆ ಕಡೆಯಿಂದ ಎಣ್ಣು ಬತ್ತದೆ ಅಂತ ಆಸೆ ಬಿದ್ದೆ.’

‘ಈ ಮನೇಲಿ ನಿಮ್ದು ಅನ್ನೋದು ಏನಾದ್ರೂ ಇದ್ದದಾ?’

ಮಾದೇವಮ್ಮ ಕಣ್ಣೊರೆಸಿಕೊಂಡು ಸುತ್ತ ಹುಡುಕಿದರು. ‘ಒಳಕಲ್ಲು ನಮ್ದೇ ಅಕ್ಕ. ನೆಲಕ್ಕೆ ಊತವ್ರೆ’ ಎಂದರು.

ದೊಡ್ಡಮ್ಮ ನಕ್ಕಳು. ಅಪರೂಪಕ್ಕೆ, ತಡೆಯಲಾರದೆ ನಕ್ಕಳು. ಆಮೇಲೆ ಜಗಲಿಯ ಮೇಲೆ ಪುಟ್ಟತಾಯಮ್ಮನ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತ ಅಪ್ಪನಿಗೆ ಹೇಳಿದಳು: ‘ನಮ್ಮತ್ತೆ ಮನೇಲೂ ಎಲ್ಲಾ ಎರವಲೇ. ಆದ್ರೆ ಕೊಟ್ಟೋರು ಚಪ್ರ ಬಿಚ್ಚಾಗಂಟ ಕಾಯ್ನಿಲ್ಲ. ಒಂದು ದಿನಕ್ಕೂ ಅವ್ರನ್ನ ಯಾರೂ ನಂಬ್ನಿಲ್ಲ. ಇಲ್ಲಿ ಒತ್ತು ಮುಳುಗ್ತಾ ಅದೆ, ಒಬ್ರೂ ತಮ್ದು ಕೇಳಾಕೆ ಬರ್ನಿಲ್ಲ. ಇವ್ಳು ಹುಲ್ಲೂ ತಂದ್ಲು, ಸುಳ್ಳೂ ಏಳಿದ್ಲು. ಬೀದಿಯೋರು ಇಷ್ಟು ನಂಬಿರೋ ಮನೆಗೆ ನಾವೂ ನಮ್ಮ ಕೂಸ ಕೊಡ್ಬೋದು.’

ಮದುವೆಯಾಯಿತು. ದೊಡ್ಡಮ್ಮನ ಅನುಮಾನವೇನೂ ಅದರಿಂದ ಕಡಿಮೆಯಾಗಲಿಲ್ಲ. ಪುಟ್ಟತಾಯಮ್ಮನ ಲೋಟವನ್ನು ನಾನೇ ಒಯ್ದು ಕೊಟ್ಟೆ. ಅದು ಮಜ್ಜಿಗೆ ತುಂಬಿಕೊಂಡು ವಾಪಸು ಬಂತು. ಖಾಲಿ ಲೋಟ ಹೇಗೆ ಕೊಡುವುದೆಂದು ನಾನು ಚಟ್ನಿಪುಡಿ ತುಂಬಿಸಿ ಕಳಿಸಿದೆ. ಕೊನೆಗೆ ಅದು ಯಾರ ಲೋಟವೆಂದು ಇಬ್ಬರೂ ಕೇಳುವುದನ್ನು ಬಿಟ್ಟೆವು. ಬಸ್ಸು ಕಮ್ಮಿ ಎಂದ ಹುಡುಗ ಸುಳ್ಳು ಹೇಳಿರಲಿಲ್ಲ, ಬಸ್ಸು ನಿಜವಾಗಿ ಬಹಳ ಕಮ್ಮಿಯಿತ್ತು. ನಂಜನಗೂಡಿಗೆ ಹೋದ ನಾನು ಸಂಜೆ ಬಸ್ಸು ತಪ್ಪಿಸಿಕೊಂಡ ದಿನ ನನ್ನ ಮಗ ಯಾವ ಮನೆಯಲ್ಲಿ ಉಂಡ ಎಂದು ನಾನು ವಿಚಾರಿಸಬೇಕಾಗಿಯೇ ಇರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ನಂಜನಗೂಡಿನ ಈ ಬಡಾವಣೆಗೆ ಬಂದೆವು. ಇಲ್ಲಿ ಎಲ್ಲವೂ ನಮ್ಮದೇ. ಸೋಫಾ ನಮ್ಮದು, ಟಿವಿ ನಮ್ಮದು, ಊಟದ ಮೇಜು ನಮ್ಮದು. ಮಧ್ಯಾಹ್ನ ಫ್ರಿಜ್ಜನ್ನು ಮತ್ತೆ ಗೋಡೆಗೆ ತಳ್ಳಿ ಕೂತಾಗ, ಭಾನುವಾರ ಬರುವ ಹುಡುಗಿಯ ದೊಡ್ಡಮ್ಮನೋ ಅತ್ತೆಯೋ ನನ್ನ ದೊಡ್ಡಮ್ಮನಂಥವಳೇ ಆಗಿದ್ದರೆ ಏನು ಗತಿ ಎಂಬ ಯೋಚನೆ ಬಂತು. ಕಾಫಿ ಕುಡಿದು ಹೋದವಳು ಬೀದಿಯ ಕೊನೆಯಲ್ಲಿ ನಿಂತು ಸಂಜೆಯವರೆಗೆ ನಮ್ಮ ಗೇಟನ್ನು ನೋಡಿದರೆ ಏನು ಕಾಣುತ್ತಾಳೆ? ಯಾರೂ ಬರುವುದಿಲ್ಲ. ಇಸಿದುಕೊಳ್ಳುವುದಕ್ಕೂ ಬರುವುದಿಲ್ಲ, ಕೊಡುವುದಕ್ಕೂ ಬರುವುದಿಲ್ಲ. ನನ್ನ ಹುಡುಗ ಎಂಥವನೆಂದು ಪಕ್ಕದ ಮನೆಯಲ್ಲಿ ಕೇಳಿದರೆ ಅವರು ಏನೆಂದಾರು? ಯಾವ ಹುಡುಗ ಎನ್ನುತ್ತಾರೆ. ಇಷ್ಟು ವರ್ಷ ದೊಡ್ಡಮ್ಮನ ಹಾಗೆ ಎಲ್ಲರ ಮೇಲೂ ಅನುಮಾನಪಟ್ಟವಳಿಗೆ ಮೊದಲ ಸಲ ನನ್ನ ಮನೆಯ ಮೇಲೆಯೇ ಅನುಮಾನ ಬಂತು. ನನಗೆ ಹೆದರಿಕೆಯಾಯಿತು.

ಎದ್ದು ಪಕ್ಕದ ಮನೆಗೆ ಹೋಗಿ ಬೆಲ್ ಒತ್ತಿದೆ. ತುಂಬ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಹೊರಗಿನ ಗ್ರಿಲ್ ತೆರೆಯಲಿಲ್ಲ. ನನ್ನ ವಯಸ್ಸಿನದೇ ಹೆಂಗಸು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತರು.

‘ಭಾನುವಾರ ನಮ್ಮನೆಗೆ ನೆಂಟ್ರು ಬರ್ತಾರೆ. ಎರಡು ಕುರ್ಚಿ ಕೊಡ್ತೀರಾ ಅಂತ ಕೇಳೋಕೆ ಬಂದೆ’ ಎಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ, ನಮ್ಮ ಮನೆಯ ಕಿಟಕಿಯ ಕಡೆ ನೋಡಿದರು. ‘ನಿಮ್ಮನೇಲಿ ದೊಡ್ಡ ಸೋಫಾನೇ ಇದೆಯಲ್ಲ?’ ಎಂದರು.

ಇದೆ ಎಂದು ಒಪ್ಪಿಕೊಂಡೆ. ಕುರ್ಚಿ ನನಗೆ ಬೇಕಿರಲಿಲ್ಲ, ಅದು ಅವರಿಗೂ ಗೊತ್ತಾಗಿತ್ತು. ಇಷ್ಟು ವರ್ಷ ಕೇಳದೇ ಇದ್ದದ್ದನ್ನೇ ಕೇಳಿದೆ.

‘ನಿಮ್ಮ ಹೆಸರೇನು?’

ಅವರು ಗ್ರಿಲ್ಲಿನ ಚಿಲಕದ ಮೇಲೆ ಕೈಯಿಟ್ಟು, ಅದನ್ನು ತೆಗೆಯದೆ, ‘ಯಾಕೆ?’ ಎಂದರು.